ಚಿಲ್ಲರ್‌ನ ಆಯಿಲ್ ಪಂಪ್ ಬದಲಿಸುವ ಮೊದಲು

ನಮಸ್ಕಾರ. ಮಳೆಗೆ ರಾತ್ರಿಯಿಡೀ ಕರೆಂಟ್ ಹೋದ ಮರುದಿನ ಮಾತ್ರ ನಿಮ್ಮ ಸೆಂಟ್ರಿಫ್ಯೂಗಲ್ ಚಿಲ್ಲರ್ (ಕಟ್ಟಡದ ಎಸಿಗೆ ನೀರು ತಂಪು ಮಾಡುವ ದೊಡ್ಡ ಯಂತ್ರ) ಎರಡೇ ನಿಮಿಷಕ್ಕೆ ಆಯಿಲ್ ಒತ್ತಡ ಸಾಲದೆಂದು ನಿಲ್ಲುತ್ತದೆ, ಉಳಿದ ದಿನ ತೊಂದರೆಯಿಲ್ಲ ಎಂದು ಬರೆದಿದ್ದೀರಿ. ಪಂಪ್ ಬದಲಿಸಿ ಎಂದವರ ಮಾತಿಗೆ ಸದ್ಯ ತಲೆಯಾಡಿಸಬೇಡಿ. ಕೆಟ್ಟ ಪಂಪ್ ಮಳೆ ನೋಡಿ ಮುನಿಸಿಕೊಳ್ಳುವುದಿಲ್ಲ.

ನನ್ನ ಅನುಮಾನ ಆಯಿಲ್ ಹೀಟರ್ ಮೇಲೆ. ಯಂತ್ರ ನಿಂತಾಗಲೂ ಅದು ಎಣ್ಣೆಯನ್ನು ಬಿಸಿಯಾಗಿಟ್ಟಿರಬೇಕು. ಅನೇಕ ಯಂತ್ರಗಳಲ್ಲಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕರೆಂಟ್ ಹೋಗಿ ಎಣ್ಣೆ ತಣ್ಣಗಾದರೆ ರೆಫ್ರಿಜರೆಂಟ್, ಅಂದರೆ ಯಂತ್ರದೊಳಗೆ ಸುತ್ತುತ್ತ ತಂಪು ಮಾಡುವ ದ್ರವ್ಯ, ಅದರಲ್ಲಿ ಕರಗಿ ಕೂರುತ್ತದೆ. ಯಂತ್ರ ಹೊರಟೊಡನೆ ಒತ್ತಡ ಇಳಿದು, ಕರಗಿದ್ದೆಲ್ಲ ಕುದಿದೇಳುತ್ತದೆ. ಆಗ ಪಂಪಿಗೆ ಸಿಗುವುದು ಬರೀ ನೊರೆ. ಸ್ಟಾರ್ಟ್ ಮಾಡುವಾಗ ಸೈಟ್ ಗ್ಲಾಸ್ (ಎಣ್ಣೆಯ ಮಟ್ಟ ನೋಡುವ ಗಾಜಿನ ಕಿಂಡಿ) ಮುಂದೆ ಟಾರ್ಚ್ ಹಿಡಿದು ನಿಲ್ಲಿ. ಉಕ್ಕುವ ಹಾಲಿನಂತೆ ನೊರೆ ಏರಿದರೆ ಉತ್ತರ ಸಿಕ್ಕಂತೆ.

ಶಿವಮೊಗ್ಗದ ಒಂದು ಕಟ್ಟಡದಲ್ಲಿ ನಾನು ಕಂಡದ್ದೂ ಇದೇ. ಜನರೇಟರ್ ಇತ್ತು, ಹೀಟರಿನ ತಂತಿ ಮಾತ್ರ ಅದರ ಪ್ಯಾನೆಲ್‌ಗೆ ಸೇರಿರಲಿಲ್ಲ! ಹೊಸ ಪಂಪಿನ ದುಡ್ಡು ಅಷ್ಟರಲ್ಲಿ ತುಂಗೆಯ ಪಾಲಾಗಿತ್ತು.

ತಂತಿಯ ಸುತ್ತ ಹಿಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ಹೀಟರ್ ಕರೆಂಟ್ ಎಳೆಯುತ್ತಿದೆಯೇ ನೋಡಿ. ವಿದ್ಯುತ್ ಬಂದ ಕೂಡಲೇ ಗುಂಡಿ ಒತ್ತದೆ, ಎಣ್ಣೆ ಕೈಪಿಡಿ ಹೇಳಿದ ಬಿಸಿಗೆ ಬರುವವರೆಗೆ ಕಾಯಿರಿ. ಗಂಟೆಗಟ್ಟಲೆ ಹಿಡಿದರೂ ಸರಿ. ಗಾಜಿನಲ್ಲಿ ಮಟ್ಟ ಹೆಚ್ಚಾಗಿ ಕಂಡಿತೆಂದು ಎಣ್ಣೆ ಬಸಿಯಬೇಡಿ, ಹೆಚ್ಚಿರುವುದು ರೆಫ್ರಿಜರೆಂಟ್. ಆಯಿಲ್ ಒತ್ತಡ ಸಾಲದಾಗ ಯಂತ್ರ ನಿಲ್ಲಿಸುವ ಸ್ವಿಚ್ಚನ್ನು ಬೈಪಾಸ್ ಮಾಡುವ ಯೋಚನೆಯಂತೂ ಬೇಡವೇ ಬೇಡ, ಬೇರಿಂಗ್ ಸುಟ್ಟುಹೋಗುತ್ತದೆ.

ನೊರೆಯೇ ಕಾಣದಿದ್ದರೆ ಆಯಿಲ್ ಫಿಲ್ಟರ್ ಕಟ್ಟಿಕೊಂಡಿದೆಯೇ ನೋಡಿ, ಪಂಪಿನ ಸರದಿ ಆಮೇಲೆ. ಸ್ಟಾರ್ಟ್‌ಗೆ ಮುಂಚಿನ ಎಣ್ಣೆಯ ತಾಪಮಾನ ಎಷ್ಟಿತ್ತೆಂದು ಇಲ್ಲೇ ಬರೆಯಿರಿ.