ಬಾತುಕೋಳಿಯೋ, ಕೋಳಿಯೋ?

ಹಿತ್ತಲು ಚಿಕ್ಕದು, ಕೊಳ ಇಲ್ಲ, ಮೊಟ್ಟೆಗೆ ಆರು ಹಕ್ಕಿ ಇದ್ದರೆ ಸಾಕು, ಬಾತು ಸಾಕಲೋ ಕೋಳಿ ಸಾಕಲೋ ಅಂತ ಕೇಳಿದ್ದೀರಿ. ಹಾಗಿದ್ದರೆ ಕೋಳಿಯೇ ಸರಿ.

ಬಾತಿಗೆ ಕೊಳ ಬೇಕೇ ಬೇಕು ಅಂತೇನಿಲ್ಲ, ಆದರೆ ತಲೆ ಪೂರ್ತಿ ಮುಳುಗಿಸಿ ಕಣ್ಣು, ಮೂಗಿನ ಹೊಳ್ಳೆ ತೊಳೆದುಕೊಳ್ಳುವಷ್ಟು ಆಳದ ನೀರು ಬೇಕು. ತಲೆನೋವು ಅಲ್ಲೇ. ಒಂದು ಬಾಯಿ ಮೇವು, ಒಂದು ಬಾಯಿ ನೀರು ಅಂತ ಓಡಾಡಿ, ಕೊಕ್ಕಿಗಂಟಿದ ಹಿಟ್ಟನ್ನೆಲ್ಲ ಬಕೆಟ್ಟಿಗೆ ಇಳಿಸಿ ನೀರನ್ನು ಗಂಜಿ ಮಾಡಿಡುತ್ತವೆ. ದಿನಕ್ಕೆ ಎರಡು ಸಲ ಬದಲಿಸಬೇಕು, ಸುತ್ತಲಿನ ನೆಲ ಕೆಸರು. ಬಕೆಟ್ಟನ್ನು ಜಲ್ಲಿ ಹಾಸಿದ ಗುಂಡಿಯ ಮೇಲೆ, ತಂತಿಜಾಲರಿ ಹಾಸಿ ಇಟ್ಟರೆ ಸ್ವಲ್ಪ ವಾಸಿ.

ಎರಡನ್ನೂ ಒಂದೇ ಗೂಡಿಗೆ ಹಾಕುವ ಯೋಚನೆ ಬಿಡಿ. ಬಾತು ಚೆಲ್ಲಿದ ನೀರಿಗೆ ಗೂಡಿನ ಹಾಸು ಒದ್ದೆಯಾದರೆ ಅಮೋನಿಯಾ ವಾಸನೆ ಏಳುತ್ತದೆ, ಕೋಳಿಮರಿಗಳಿಗೆ ರಕ್ತಭೇದಿ (ಕಾಕ್ಸಿಡಿಯೋಸಿಸ್) ಹಿಡಿಯಬಹುದು. ಗಂಡುಬಾತು ಹೇಂಟೆಗಳ ಮೇಲೇರಿ ಗಾಯ ಮಾಡುವುದೂ ಉಂಟು.

ಆದರೂ ಬಾತೇ ಬೇಕೆಂದರೆ, ಮರಿಗಳಿಗೆ ಬರೀ ಕೋಳಿಮರಿ ಮೇವು ಸಾಲದು. ನಯಾಸಿನ್ (ಬಿ3 ಜೀವಸತ್ವ) ಕಡಿಮೆಯಾಗಿ ಕಾಲು ಸೊಟ್ಟಗಾಗುತ್ತದೆ. ಒಂದು ಕಪ್ ಮೇವಿಗೆ ಒಂದು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟಿನ ಪುಡಿ) ಬೆರೆಸಿ. ಬೂಷ್ಟು ಹಿಡಿದ ಮೇವಂತೂ ಹತ್ತಿರ ಸುಳಿಯಬಾರದು, ಅದರ ಅಫ್ಲಟಾಕ್ಸಿನ್ ವಿಷಕ್ಕೆ ಬಾತು ಕೋಳಿಗಿಂತ ಬೇಗ ಬಲಿಯಾಗುತ್ತದೆ.

ಒಂದು ಮಾತು ಬಾತಿನ ಪರ: ಕೋಳಿ ಹಾಗೆ ಪಾತಿ ಕೆದರುವುದಿಲ್ಲ, ಬಸವನಹುಳ ಹುಡುಕಿ ತಿನ್ನುತ್ತದೆ. ಎಳೆ ಸೊಪ್ಪು ಮಾತ್ರ ಉಳಿಯಲ್ಲ.