ಹಿನ್ನೆಲೆ ಕೇಳಿದಿರಿ, ಹಿಮ್ಮೇಳ ಇದೆ

ಪತ್ರ: “ಕಳೆದ ಸಂಚಿಕೆಯಲ್ಲಿ ನಮ್ಮೂರ ಯುವಕರ ಬ್ಯಾಂಡಿನ ಬಗ್ಗೆ ಎರಡು ಪುಟ ಬರೆದಿದ್ದೀರಿ. ‘ಸದಸ್ಯರ ಸಂಗೀತ ಹಿನ್ನೆಲೆ’ ಎಂಬ ಚೌಕಟ್ಟಿನಲ್ಲಿ ಹಾಡುವವನಿಗೆ ಭಜನಾ ಮಂದಿರ, ಡ್ರಮ್ಮಿನವನಿಗೆ ಚೆಂಡೆ, ಕೀಬೋರ್ಡಿನವಳಿಗೆ ಇಗರ್ಜಿ, ಇನ್ನೊಬ್ಬನಿಗೆ ದಫ್ ಎಂಬ ಕೈವಾದ್ಯ, ಗಿಟಾರಿನವನಿಗೆ ಮೊಬೈಲ್ ಎಂದಿದೆ. ಒಬ್ಬರೂ ಶಾಸ್ತ್ರೀಯ ಸಂಗೀತದ ಜೂನಿಯರ್ ಪರೀಕ್ಷೆ ಕೂಡ ಮಾಡಿಲ್ಲ. ಇದನ್ನು ಹಿನ್ನೆಲೆ ಎನ್ನಬಹುದೇ?”
— ನಿವೃತ್ತ ಅಧ್ಯಾಪಕರೊಬ್ಬರು, ಬದಿಯಡ್ಕ (ಕೇರಳದ ಕಾಸರಗೋಡು ಜಿಲ್ಲೆ)

ಉತ್ತರ: ಮಾಷ್ಟ್ರೇ, ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ಎರಡು ಸಲ ಉತ್ತರ ಬರೆದು ಹರಿದುಹಾಕಿದೆ; ಸಿಟ್ಟು ಹೆಚ್ಚಾಗಿತ್ತು. ಇದು ಮೂರನೆಯದು. ನಿಮ್ಮ ಕೈಬರಹಕ್ಕೆ ಮಾತ್ರ ಮೊದಲ ದಿನವೇ ನೂರಕ್ಕೆ ನೂರು ಕೊಟ್ಟಿದ್ದೇನೆ.

ನಿಮ್ಮ ಪಾಲಿನದನ್ನು ಮೊದಲು ಕೊಟ್ಟುಬಿಡುತ್ತೇನೆ. ಪರೀಕ್ಷೆ ಕಟ್ಟಿ ಕಲಿತರೆ ನಷ್ಟವಿಲ್ಲ. ಶ್ರುತಿ ನಿಲ್ಲುತ್ತದೆ, ಸ್ವರ ಬರೆದುಕೊಳ್ಳಲು ಬರುತ್ತದೆ. ಆ ಹಾಡುಗಾರ ಹುಡುಗನಿಗೆ ಮೇಲಿನ ಷಡ್ಜದಲ್ಲಿ ಗಂಟಲು ಬಿಗಿಯುತ್ತದೆ, ನಾನೇ ಕೇಳಿದ್ದೇನೆ. ಒಳ್ಳೆಯ ಗುರು ಸಿಕ್ಕಿದ್ದರೆ ಬಿಗಿಯುತ್ತಿರಲಿಲ್ಲ. ಒಪ್ಪಿದೆ. ಆಯಿತಲ್ಲ?

ಇನ್ನು ಹಿನ್ನೆಲೆಯ ಮಾತು. ಯಕ್ಷಗಾನದ ನಾಡಿನಲ್ಲಿ ಕುಳಿತು ಆ ಪದವನ್ನು ಬರೆಯುವಾಗ ನಿಮ್ಮ ಪೆನ್ನು ಒಂದು ಕ್ಷಣ ತಡೆಯಲಿಲ್ಲವೇ? ನಮ್ಮಲ್ಲಿ ಪದ್ಯ ಹಾಡುವ ಭಾಗವತರು, ಚೆಂಡೆ, ಮದ್ದಳೆ, ಚಕ್ರತಾಳ ಎಲ್ಲ ಸೇರಿದರೆ ಅದು ಹಿಮ್ಮೇಳ. ವೇಷಧಾರಿಗಳ ಹಿಂದೆ ಇದ್ದರೂ ಇಡೀ ಆಟವನ್ನು ನಡೆಸುವವರು ಅವರೇ. ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಳ್ಳುವವರೆಗೆ ಅವರ ಸಂಗೀತದ ಹಿನ್ನೆಲೆ ಏನೆಂದು ಯಾರಾದರೂ ಕೇಳಿದ್ದನ್ನು ನಾನು ಕಾಣೆ. ಅಜ್ಜನಿಂದ ಕಲಿತವರು ಎಂದರೆ ಸಾಕಿತ್ತು. ಆ ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತರೇ.

ಚೆಂಡೆಯ ಹುಡುಗನ ಬಗ್ಗೆ ಆ ಪುಟ್ಟ ಚೌಕಟ್ಟಿನಲ್ಲಿ ಹಿಡಿಸಲಾಗದ್ದನ್ನು ಈಗ ಹೇಳುತ್ತೇನೆ. ಅವನು ಮೊದಲು ಕಲಿತದ್ದು ನಮ್ಮ ಚೆಂಡೆಯನ್ನಲ್ಲ, ಮಲಯಾಳದ ಚೆಂಡೆಯನ್ನು. ಮನೆಯ ಹತ್ತಿರದ ದೇವಸ್ಥಾನದ ವಾದ್ಯದವರ ಬಳಿ ಹುಣಸೆಯ ಕೋಲು ಹಿಡಿದು ಕಲ್ಲಿನ ಮೇಲೆ ಬಡಿದು ಬಡಿದು ಮಣಿಗಂಟು ಪಳಗಿಸಿಕೊಂಡ. ಎರಡು ವರ್ಷ ಆದಮೇಲೆ ಯಕ್ಷಗಾನದ ಗುರುಗಳ ಬಳಿ ಹೋದರೆ, ಕಲಿತದ್ದರಲ್ಲಿ ಅರ್ಧವನ್ನು ಮರೆತು ಬಾ ಎಂದರಂತೆ. ಅಲ್ಲಿ ಚೆಂಡೆ ಚೆಂಡೆಗಾಗಿಯೇ ನುಡಿಯುತ್ತಿತ್ತು. ಇಲ್ಲಿ ಪದ್ಯ ಕಾಯಬೇಕು, ವೇಷದ ಹೆಜ್ಜೆ ಕಾಯಬೇಕು, ಮಾತು ಶುರುವಾದರೆ ಕೋಲನ್ನು ಕೆಳಗಿಳಿಸಬೇಕು. ವಾದ್ಯ ಒಂದೇ, ಶಿಸ್ತು ಎರಡು. ‘ಮೇಳ’ ಎಂಬ ಶಬ್ದವೇ ಹಾಗಲ್ಲವೇ? ಚಂದ್ರಗಿರಿ ಹೊಳೆಯಾಚೆ ಮಲಯಾಳದಲ್ಲಿ ಅದು ವಾದ್ಯವೃಂದ, ಈಚೆ ಆಟದ ತಂಡ, ನಿಮ್ಮ ಪರೀಕ್ಷೆಯ ಪಠ್ಯದಲ್ಲಿ 72 ಮೇಳಕರ್ತ ರಾಗಗಳು. ಮೂರೂ ಅರ್ಥ ತಿಳಿದ ಹುಡುಗ ಡ್ರಮ್ಮಿನ ಹಿಂದೆ ಕುಳಿತರೆ ಅವನಿಗೆ ಹಿನ್ನೆಲೆ ಇಲ್ಲ ಎನ್ನುತ್ತೀರಿ.

ಒಂದು ಭಾನುವಾರ ಅವರ ಅಭ್ಯಾಸಕ್ಕೆ ಹೋಗಿದ್ದೆ. ಹತ್ತಕ್ಷರದ ಝಂಪೆ ತಾಳದಲ್ಲಿ ಒಂದು ಹಾಡು ಕೂಡಿಸುತ್ತಿದ್ದರು. ಕೀಬೋರ್ಡಿನ ಹುಡುಗಿ ಇಗರ್ಜಿಯಲ್ಲಿ ಕೊಂಕಣಿ ಭಕ್ತಿಗೀತೆಗಳಿಗೆ ನುಡಿಸುತ್ತ ಬೆಳೆದವಳು, ನಾಲ್ಕರ ಲೆಕ್ಕ ಅವಳ ಬೆರಳಿಗೆ ಅಂಟಿಬಿಟ್ಟಿದೆ. ಮೂರು ಸಲ ಎಡವಿದಳು. ಚೆಂಡೆಯವನು ವಿವರಿಸಲು ಹೋಗಲಿಲ್ಲ. ಎದ್ದು ನಿಂತು ಬಾಯಿತಾಳ ಹೇಳುತ್ತ ಕೋಣೆಯ ತುಂಬ ನಡೆದ. ಮೊದಲು ಹಿಡಿದುಕೊಂಡವನು ದಫ್‌ನ ಹುಡುಗ. ಸಾಲಿನಲ್ಲಿ ನಿಂತು ಬಾಗಿ ಎದ್ದು ದಫ್ ಮುಟ್ಟಿನ ಹಾಡಿಗೆ ದನಿಗೂಡಿಸಿದ ಮೈ ಅದು, ಎರಡೇ ಸುತ್ತಿನಲ್ಲಿ ಮೊಣಕಾಲೇ ಹತ್ತನ್ನು ಎಣಿಸತೊಡಗಿತು. ಹುಡುಗಿ ಅವನ ಮೊಣಕಾಲು ನೋಡಿ ನುಡಿಸಿದಳು. ಐದನೆಯ ಸಲ ಹಾಡು ನಿಂತಿತು. ಪ್ರತಿ ಉದ್ಘಾಟನೆಯಲ್ಲಿ ಅತಿಥಿಗಳು ನಮ್ಮ ಕಾಸರಗೋಡನ್ನು ‘ಸಪ್ತಭಾಷಾ ಸಂಗಮ ಭೂಮಿ’ ಎಂದು ಹೇಳಿ ಹಾರ ಹಾಕಿಸಿಕೊಂಡು ಹೋಗುತ್ತಾರಲ್ಲ, ಅವರಲ್ಲಿ ಒಬ್ಬರನ್ನಾದರೂ ಆ ಕೋಣೆಗೆ ಕರೆತರಬೇಕು ಅನ್ನಿಸಿತು.

ಭಜನೆಯ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ಏಳನೆಯ ತರಗತಿಯಲ್ಲಿ ಒಂದು ಸಂಗೀತ ತರಗತಿಗೆ ಸೇರಿ, ಶ್ರುತಿ ಇಲ್ಲ ಎಂಬ ಕಾರಣಕ್ಕೆ ಮೂರೇ ತಿಂಗಳಲ್ಲಿ ಹೊರಬಿದ್ದವನು ನಾನು. ಅದೇ ವಾರ ಭಜನಾ ಮಂದಿರದಲ್ಲಿ ನನ್ನ ಕೈಗೆ ತಾಳ ಕೊಟ್ಟರು. ತಪ್ಪಿದೆ. ಪಕ್ಕದಲ್ಲಿದ್ದ ಅಜ್ಜ ಬಯ್ಯಲೂ ಇಲ್ಲ, ತಾಳ ಕಸಿದುಕೊಳ್ಳಲೂ ಇಲ್ಲ. ಎರಡು ಬೆರಳಿನಿಂದ ನನ್ನ ತೊಡೆಯ ಮೇಲೆ ತಟ್ಟುತ್ತ ಪುರಂದರದಾಸರ ಪದವನ್ನು ಮುಂದುವರಿಸಿದರು. ಆ ಬೆರಳು ಈಗಲೂ ನನ್ನ ತೊಡೆಯ ಮೇಲಿದೆ. ನಿಮ್ಮ ಜೂನಿಯರ್ ಪರೀಕ್ಷೆಯ ಸರಳೆವರಸೆಯನ್ನು, ಅಂದರೆ ಮೊದಲ ಸ್ವರಪಾಠವನ್ನು, ಮಾಯಾಮಾಳವಗೌಳ ರಾಗದಲ್ಲಿ ಹಾಕಿಕೊಟ್ಟವರು ಪುರಂದರದಾಸರು ಎಂದು ಪುಸ್ತಕದ ಮೊದಲ ಪುಟದಲ್ಲೇ ಇರುತ್ತದೆ. ಅವರ ವರಸೆ ಹಾಡಿದವನಿಗೆ ಹಿನ್ನೆಲೆ ಇದೆ, ಅವರ ಪದವನ್ನು ವಾರವಾರ ಹಾಡಿದವನಿಗೆ ಇಲ್ಲ. ಈ ಲೆಕ್ಕವನ್ನು ನೀವು ಹಲಗೆಯ ಮೇಲೆ ಬಿಡಿಸಿ ತೋರಿಸಬೇಕು ಮಾಷ್ಟ್ರೇ.

ಮೊಬೈಲಿನಲ್ಲಿ ಕಲಿತ ಗಿಟಾರಿನವನನ್ನೂ ನೀವು ಬಿಟ್ಟಿಲ್ಲ. ಅವನು ವಾರಕ್ಕೊಮ್ಮೆ ತಲಪಾಡಿಯಲ್ಲಿ ಗಡಿ ದಾಟಿ ಮಂಗಳೂರಿನ ತರಗತಿಗೆ ಹೋಗುತ್ತಿದ್ದವನು. 2020ರ ಮಾರ್ಚಿನಲ್ಲಿ ಕೊರೊನಾ ಹೆಸರಿನಲ್ಲಿ ಕರ್ನಾಟಕದವರು ಗಡಿ ಮುಚ್ಚಿ, ನಮ್ಮ ರಸ್ತೆಗಳಿಗೆ ಮಣ್ಣು ಸುರಿದರು. ಕಾಯಿಲೆಯವರಿಗೇ ಆಸ್ಪತ್ರೆಗೆ ದಾರಿ ಇಲ್ಲದಿದ್ದಾಗ ಗಿಟಾರು ಕಲಿಯುವವನನ್ನು ಯಾರು ಬಿಡುತ್ತಾರೆ? ಆಗ ಕೈಗೆ ಬಂದದ್ದು ಮೊಬೈಲು. ನೀವು ಕೇಳುವ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೂ ಗಡಿಯಾಚೆಯವೇ, ಕರ್ನಾಟಕದವು.

ಈಚೆ ಏನಿದೆ ಎಂದು ನಿಮಗೆ ನಾನು ಹೇಳಬೇಕೇ? ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಹೇಳುತ್ತಲೇ ಇದ್ದೇವೆ. ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸುತ್ತಾರೆ; ಮಕ್ಕಳು ಗಣಿತವನ್ನು ಕೈಸನ್ನೆಯಲ್ಲಿ ಕಲಿಯುವಾಗ ಸಂಗೀತದ ಅಧ್ಯಾಪಕರನ್ನು ಕೇಳುವುದಕ್ಕೇ ನಾಚಿಕೆ. ಇತ್ತ ಕೇರಳ ರಾಜ್ಯ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಕನ್ನಡದ ಗಂಧವಿಲ್ಲದ ಜಿಲ್ಲೆಗಳ ಮಕ್ಕಳು ಪದ್ಯ, ಅರ್ಥ ಎಲ್ಲವನ್ನೂ ಬಾಯಿಪಾಠ ಮಾಡಿ ಕುಣಿಯುತ್ತಾರೆ, ಅದೂ ಚೆನ್ನಾಗಿಯೇ ಕುಣಿಯುತ್ತಾರೆ. ಅವರನ್ನು ತಯಾರು ಮಾಡಲು ನಮ್ಮ ಕಡೆಯ ಕಲಾವಿದರು ರೈಲು ಹತ್ತಿ ತೆಂಕಣಕ್ಕೆ ಹೋಗುತ್ತಾರೆ. ಯಕ್ಷಗಾನ ಕವಿ ಪಾರ್ತಿ ಸುಬ್ಬನ ಊರಾದ ಕುಂಬಳೆಯ ಮಕ್ಕಳ ಹಿನ್ನೆಲೆಯನ್ನು ನಾವೇ ಪ್ರಶ್ನಿಸುತ್ತ ಕುಳಿತಿದ್ದೇವೆ. ಸಿಟ್ಟು ಮತ್ತೆ ಏರುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಪತ್ರದ ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಸಾಲು ಇತ್ತು, ಅದನ್ನು ಮೇಲೆ ಅಚ್ಚು ಹಾಕಿಲ್ಲ. ಮೊಮ್ಮಗಳು ಪಿಟೀಲು ಕಲಿಯುತ್ತಿದ್ದಾಳೆ, ಜೂನಿಯರ್ ಆಗಿದೆ, ಆ ಬ್ಯಾಂಡಿನವರಿಗೆ ಪಿಟೀಲು ಬೇಕಾದೀತೇ ಎಂದು ಕೇಳಿದ್ದಿರಿ. ವಿಚಾರಿಸಿದೆ. ಬೇಕಂತೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಬರಲಿ. ನೀವೂ ಬರುವುದಾದರೆ ಕುರ್ಚಿಯೊಂದನ್ನು ತನ್ನಿ, ಅಲ್ಲಿರುವುದು ಎರಡೇ.