ಖಾತೆ ಮಾಡಿಸಲು ಅಂತ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದರೆ ಸಹಿ ಹಾಕಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿದೆ, ವಿಲ್ ಬರೆದಿಲ್ಲ. ಅಮ್ಮ ಇದ್ದಾರೆ, ಇಬ್ಬರು ಅಣ್ಣಂದಿರು. ನಿಮ್ಮ ಮದುವೆ ಆಗಿದ್ದು 1992ರಲ್ಲಿ. ಈಗ ಅಣ್ಣಂದಿರು "ಜಮೀನಿನ ಖಾತೆ ಮಾಡಿಸಬೇಕು, ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸಹಿ ಹಾಕಿ ಹೋಗು, 94ಕ್ಕಿಂತ ಮುಂಚೆ ಮದುವೆ ಆದವರಿಗೆ ಹೇಗೂ ಪಾಲಿಲ್ಲ" ಅಂತಿದ್ದಾರೆ. ಸಹಿ ಹಾಕಲಾ ಬೇಡವಾ, ಹಾಕದಿದ್ದರೆ ತವರು ತಪ್ಪಿ ಹೋಗುತ್ತಾ ಅಂತ ನಿಮ್ಮ ಚಿಂತೆ.

ಸೋಮವಾರ ಸಹಿ ಹಾಕಬೇಡಿ. ಮೊದಲು ಪತ್ರ ಓದಿ.

ಯಾಕೆ ಹೇಳ್ತಿದ್ದೇನೆ ಅಂದರೆ, ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನಿನ ಖಾತೆ ಬದಲಾಯಿಸುವುದಕ್ಕೆ ಪೌತಿ ಖಾತೆ ಅಂತಾರೆ. ಅದು ಕಂದಾಯ ಇಲಾಖೆಯ ಕೆಲಸ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಹಾಕಿದರೆ ಆಯ್ತು. ಅದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕುವ ಅಗತ್ಯವೇ ಇಲ್ಲ. ಅಲ್ಲಿಗೆ ಕರೆಯುತ್ತಿದ್ದಾರೆ ಅಂದರೆ ಅಲ್ಲಿ ಯಾವುದೋ ಪತ್ರ ನೋಂದಣಿ ಆಗುತ್ತಿದೆ ಅಂತ ಅರ್ಥ. ವಿಭಾಗ ಪತ್ರ ಇರಬಹುದು. ಆದರೆ ಒಬ್ಬ ತಂಗಿಯನ್ನು ಮಾತ್ರ ಕರೆದು "ಒಂದು ಸಹಿ" ಕೇಳಿದಾಗ ಅದು ಹೆಚ್ಚಾಗಿ ಹಕ್ಕು ಬಿಡುಗಡೆ ಪತ್ರ ಆಗಿರುತ್ತದೆ. ನಾನು ತಾಲ್ಲೂಕು ಕೋರ್ಟಿನಲ್ಲಿ ಹದಿನಾರು ವರ್ಷದಿಂದ ಸಿವಿಲ್ ಕೇಸು ನಡೆಸುತ್ತಿದ್ದೇನೆ. "ಖಾತೆಗೆ ಅಂತ ಹೇಳಿದ್ರು ಮೇಡಂ" ಅನ್ನುವ ಮಾತನ್ನು ಎಷ್ಟು ಹೆಣ್ಣುಮಕ್ಕಳ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ.

ಮೊದಲು ಕೇಳಿದ್ದು ನನ್ನ ಅಮ್ಮನ ಬಾಯಲ್ಲೇ. ಆಗ ನಾನಿನ್ನೂ ಓದುತ್ತಿದ್ದೆ. ಸೋದರಮಾವಂದಿರು ಕರೆದರು ಅಂತ ಅಮ್ಮ ಬೆಳಿಗ್ಗೆ ಬಸ್ಸಿಗೆ ಹೋದರು, ಸಂಜೆ ವಾಪಸ್ ಬಂದರು. ಹೆಬ್ಬೆಟ್ಟಿನ ಮಸಿ ಸರಿಯಾಗಿ ಹೋಗಿರಲಿಲ್ಲ, ಸೆರಗಿನ ತುದಿಗೂ ಒಂಚೂರು ಹತ್ತಿತ್ತು. ಖುಷಿಯಾಗೇ ಇದ್ದರು, ಅಣ್ಣ ಒಂದು ಸೀರೆ ಕೊಡಿಸಿದ್ದ. ಏಳು ವರ್ಷ ಆದ ಮೇಲೆ ನಾನೇ ಆ ಪತ್ರದ ದೃಢೀಕೃತ ನಕಲು ತೆಗೆಸಿ ಓದಿ ಹೇಳಿದೆ. "ನನ್ನ ಹಕ್ಕಿಗೆ ಪ್ರತಿಫಲವಾಗಿ ನಗದು ಹಣ ಪಡೆದಿರುತ್ತೇನೆ, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ" ಅಂತ ಇತ್ತು. ಅಮ್ಮನ ಕೈಗೆ ಒಂದು ರೂಪಾಯಿ ಬಂದಿರಲಿಲ್ಲ. ಅವರು ಕೇಸು ಹಾಕಲಿಲ್ಲ. "ಕೇಳಿದ್ದರೆ ಕೊಡ್ತಿದ್ದೆ ಕಣೇ" ಅಂದರು, ಅಷ್ಟೇ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಈಗ 94ರ ವಿಷಯ. ಇದು ಪೂರ್ತಿ ಸುಳ್ಳೇನಲ್ಲ, ಹಳೇ ಸತ್ಯ. ಕರ್ನಾಟಕ ಸರ್ಕಾರ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಆದರೆ ಆ ತಿದ್ದುಪಡಿಗೆ ಮುಂಚೆ ಮದುವೆ ಆಗಿಹೋದವರನ್ನು ಹೊರಗಿಟ್ಟಿತು. ಊರಲ್ಲಿ ಇವತ್ತಿಗೂ ಜನ ಹೇಳುವುದು ಅದನ್ನೇ. ಅದಾದ ಮೇಲೆ ಕೇಂದ್ರ ಸರ್ಕಾರ 2005ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿ ತಂದಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಆ ಕಾನೂನಿನಲ್ಲಿ ಮದುವೆ ಆಗಿದೆಯಾ ಇಲ್ಲವಾ, ಯಾವಾಗ ಆಯ್ತು ಅನ್ನುವ ಪ್ರಶ್ನೆಯೇ ಇಲ್ಲ. ಮಗಳು ಹುಟ್ಟಿನಿಂದಲೇ ಪಾಲುದಾರಳು. ಅಪ್ಪ 2005ಕ್ಕೆ ಮುಂಚೆ ತೀರಿಕೊಂಡಿದ್ದರೆ ಏನು ಗತಿ ಅಂತ ಮಧ್ಯೆ ಕೆಲವು ವರ್ಷ ಗೊಂದಲ ಇತ್ತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಅದನ್ನೂ ಬಗೆಹರಿಸಿತು: 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಲೇಬೇಕು ಅಂತೇನಿಲ್ಲ. ನಿಮ್ಮ ಅಪ್ಪ ತೀರಿಕೊಂಡಿದ್ದು ಈಗ, ಹಾಗಾಗಿ ನಿಮಗೆ ಆ ಗೊಂದಲವೂ ಇಲ್ಲ. ಅಣ್ಣಂದಿರ ಎದುರು ಜಗಳ ಆಡದೆ ಇಷ್ಟೇ ಹೇಳಿ, "94ರ ಮಾತು ಈಗ ನಡೆಯಲ್ಲ ಅಣ್ಣ, 2005ರಲ್ಲೇ ಬದಲಾಗಿದೆ."

ಒಂದನ್ನು ಮಾತ್ರ ನೋಡಿಕೊಳ್ಳಿ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಆಸ್ತಿ ಭಾಗ ಆಗಿ, ಆ ವಿಭಾಗ ಪತ್ರ ನೋಂದಣಿ ಆಗಿದ್ದರೆ ಅಥವಾ ಕೋರ್ಟಿನಿಂದ ಡಿಕ್ರಿ (ತೀರ್ಪಿನ ಆದೇಶ) ಆಗಿದ್ದರೆ ಅದನ್ನು ಈಗ ಕೆದಕಲು ಆಗುವುದಿಲ್ಲ. ಆ ದಿನಕ್ಕೆ ಮುಂಚೆ ಮಾರಿಹೋದ ಜಮೀನಿಗೂ ಇದೇ ಮಾತು. "ಆಗಲೇ ಪಂಚಾಯ್ತಿ ಮಾಡಿ ಬಾಯಿಮಾತಲ್ಲಿ ಭಾಗ ಮಾಡಿದ್ವಲ್ಲ" ಅಂದರೆ ಅದು ಸುಲಭಕ್ಕೆ ನಿಲ್ಲುವುದಿಲ್ಲ. ಅದಕ್ಕೆ ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಬೇಕು.

ನಿಮ್ಮ ಪಾಲು ಎಷ್ಟು ಅಂತ ಕೇಳಿದ್ದೀರಿ. ಅದು ಜಮೀನು ಎಲ್ಲಿಂದ ಬಂತು ಅನ್ನುವುದರ ಮೇಲೆ ನಿಂತಿದೆ. ಅಪ್ಪ ತಮ್ಮ ದುಡಿಮೆಯಿಂದ ಕೊಂಡಿದ್ದರೆ ಅದು ಸ್ವಯಾರ್ಜಿತ. ವಿಲ್ ಇಲ್ಲದಿದ್ದರೆ ಅಮ್ಮ, ಇಬ್ಬರು ಅಣ್ಣಂದಿರು, ನೀವು, ನಾಲ್ವರಿಗೂ ಸಮ, ನಾಲ್ಕನೇ ಒಂದು ಪಾಲು. ಅಪ್ಪನ ತಾಯಿ, ಅಂದರೆ ನಿಮ್ಮ ಅಜ್ಜಿ ಬದುಕಿದ್ದರೆ ಅವರಿಗೂ ಒಂದು ಪಾಲು ಬರುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಪಿತ್ರಾರ್ಜಿತ ಆಗಿದ್ದರೆ ಮೊದಲು ಅಪ್ಪನ ಪಾಲು ಇಷ್ಟು ಅಂತ ಬೇರೆ ತೆಗೆದು, ಆ ಪಾಲನ್ನು ಮತ್ತೆ ಅಮ್ಮನಿಗೂ ಮಕ್ಕಳಿಗೂ ಹಂಚಬೇಕು. ಲೆಕ್ಕ ಯಾವುದೇ ಇರಲಿ, ನಿಮ್ಮ ಪಾಲು ನಿಮ್ಮ ಅಣ್ಣನ ಪಾಲಿಗಿಂತ ಒಂದು ಗುಂಟೆಯೂ ಕಡಿಮೆ ಇರುವುದಿಲ್ಲ. ಮದುವೆಗೆ ಚಿನ್ನ ಹಾಕಿದ್ದೇವೆ ಅನ್ನುವುದನ್ನು ಪಾಲಿನಲ್ಲಿ ಕಳೆಯುವ ನಿಯಮ ಕಾಯ್ದೆಯಲ್ಲಿ ಇಲ್ಲ. (ಇದೆಲ್ಲ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮಾತು. ಜೈನರು, ಬೌದ್ಧರು, ಸಿಖ್ಖರಿಗೂ ಇದೇ. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ಕಾನೂನು.)

ನಾಳೆ ದಿಢೀರಂತ ಒಂದು ವಿಲ್ ಹೊರಗೆ ಬಂದರೂ ಹೆದರಬೇಡಿ. ವಿಲ್ ನೋಂದಣಿ ಆಗಿರಲೇಬೇಕು ಅಂತಿಲ್ಲ ನಿಜ, ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಕೋರ್ಟಿನಲ್ಲಿ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಅಪ್ಪ ವಿಲ್ ಬರೆಯಬಹುದಾಗಿದ್ದೂ ತಮ್ಮ ಸ್ವಂತ ಆಸ್ತಿಗೆ ಮತ್ತು ಪಿತ್ರಾರ್ಜಿತದಲ್ಲಿ ತಮ್ಮ ಪಾಲಿಗೆ ಮಾತ್ರ. ನಿಮ್ಮ ಪಾಲನ್ನು ಅವರು ಬರೆದುಕೊಡಲು ಬರುವುದಿಲ್ಲ.

ಈ ವಾರ ಮಾಡಬೇಕಾದ ಕೆಲಸ ಹೇಳ್ತೇನೆ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ತೆಗೆಯಿರಿ, ಹಳೆಯ ಮ್ಯುಟೇಷನ್ (ಖಾತೆ ಬದಲಾವಣೆಯ ದಾಖಲೆ) ಕೂಡ ನೋಡಿ, ಜಮೀನು ಅಪ್ಪನ ಹೆಸರಿಗೆ ಹೇಗೆ ಬಂತು ಅಂತ ಅದರಲ್ಲಿ ತಿಳಿಯುತ್ತದೆ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇ.ಸಿ.ಗೆ, ಅಂದರೆ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ಮಾರಾಟ, ಅಡಮಾನ, ದಾನಪತ್ರ ಯಾವುದಾದರೂ ನೋಂದಣಿ ಆಗಿದ್ದರೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ ವಂಶವೃಕ್ಷ. ಅದರಲ್ಲಿ ನಿಮ್ಮ ಹೆಸರು ಇದೆಯಾ ನೋಡಿ. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಿರುವುದನ್ನು ನಾನು ಜಾಸ್ತಿ ಸಲವೇ ನೋಡಿದ್ದೇನೆ. ಬಿಟ್ಟಿದ್ದರೆ, ಅಥವಾ ಅಣ್ಣಂದಿರ ಹೆಸರಿಗೆ ಮಾತ್ರ ಖಾತೆಗೆ ಅರ್ಜಿ ಹೋಗಿದ್ದರೆ, ತಹಶೀಲ್ದಾರ್ ಕಚೇರಿಗೆ ತಕ್ಷಣ ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಂದು ವೇಳೆ ಖಾತೆ ಅವರ ಹೆಸರಿಗೆ ಆಗಿಹೋಗಿದ್ದರೂ ಎದೆಗುಂದಬೇಡಿ. ಖಾತೆ, ಪಹಣಿ ಕಂದಾಯದ ದಾಖಲೆಗಳು, ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ನೋಂದಣಿ ಪತ್ರಕ್ಕೆ ನೀವೇ ಹಾಕಿದ ಸಹಿಯಿಂದ ಹೋಗುತ್ತದೆ. ಅದನ್ನು ಆಮೇಲೆ ಮೋಸ ಅಂತ ರದ್ದು ಮಾಡಿಸಲು ಕೇಸು ಹಾಕಬಹುದು, ಮೋಸ ಗೊತ್ತಾದ ಮೂರು ವರ್ಷದೊಳಗೆ, ಆದರೆ "ಓದದೆ ಸಹಿ ಹಾಕಿದೆ" ಅಂತ ಸಾಬೀತು ಮಾಡುವುದು ತುಂಬಾ ಕಷ್ಟ, ವರ್ಷಗಟ್ಟಲೆ ಅಲೆಯಬೇಕು.

ತವರಿನ ಮಾತಿಗೆ ಬರ್ತೇನೆ, ನಿಮಗೆ ನೋವಾಗಿರುವುದು ಅಲ್ಲೇ ಅಲ್ವಾ. ಪಾಲು ಕೇಳಿದರೆ ಸಂಬಂಧ ಹೋಗುತ್ತದೆ ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ, ಹೋಗಿದ್ದನ್ನು ನಾನೂ ಕಂಡಿದ್ದೇನೆ. ಆದರೂ ಸಹಿ ಹಾಕುವುದು ಅಥವಾ ಕೇಸು ಹಾಕುವುದು, ಇವೆರಡೇ ದಾರಿ ಅಂದುಕೊಳ್ಳಬೇಡಿ. "ಅಣ್ಣ, ಮೊದಲು ಅಮ್ಮ ಮತ್ತು ನಾವು ಮೂವರ ಹೆಸರಿಗೂ ಜಂಟಿಯಾಗಿ ಪೌತಿ ಖಾತೆ ಮಾಡಿಸೋಣ, ಭಾಗದ ಮಾತು ಆಮೇಲೆ ಕೂತು ಆಡೋಣ" ಅನ್ನಿ. ಅವರಿಗೆ ನಿಜವಾಗಿ ಖಾತೆಯೇ ಬೇಕಿದ್ದರೆ ಇದಕ್ಕೆ ಒಪ್ಪಲು ತೊಂದರೆ ಏನೂ ಇಲ್ಲ. ಆಮೇಲೆ ನಿಮಗೆ ಮನಸ್ಸಿದ್ದರೆ ಪೂರ್ತಿ ಬಿಟ್ಟುಕೊಡಿ, ಅರ್ಧ ಬಿಟ್ಟುಕೊಡಿ, ಅಮ್ಮನ ಹೆಸರಿಗೇ ಬಿಟ್ಟುಕೊಡಿ, ಅದು ನಿಮ್ಮ ಇಷ್ಟ. ದುಡ್ಡು ತೆಗೆದುಕೊಂಡಿದ್ದೀರಿ ಅಂತ ಪತ್ರದಲ್ಲಿ ಬರೆದಿದ್ದರೆ ದುಡ್ಡು ಬ್ಯಾಂಕ್ ಖಾತೆಗೆ ಬಂದ ಮೇಲೆ ಸಹಿ ಹಾಕಿ. ಮತ್ತೆ, ಅಮ್ಮನಿಗೆ ಬರುವ ಪಾಲು ಪೂರ್ತಿ ಅಮ್ಮನದೇ. ಅವರನ್ನೂ ಅದೇ ಸೋಮವಾರ ಕರೆದಿದ್ದಾರಾ ಅಂತ ಇವತ್ತೇ ಫೋನ್ ಮಾಡಿ ಕೇಳಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದಿದ್ದೀರಿ. ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಅಣ್ಣನಿಗೆ ಇವತ್ತು ರಾತ್ರಿಯೇ ಹೇಳಿ, "ಪತ್ರದ ಕರಡು ಕಳಿಸು, ಓದಿಬಿಟ್ಟು ಬರ್ತೇನೆ" ಅಂತ. ಕಳಿಸಿದರೆ ಅದರ ಮೊದಲ ಪುಟದ ಮೇಲೆ ಪತ್ರದ ಹೆಸರು ಏನಿದೆ ಅಂತ ನೋಡಿ ನನಗೆ ತಿಳಿಸಿ. ಸರ್ವೆ ನಂಬರ್, ಹೆಸರುಗಳು ಏನೂ ಬೇಡ. ಮುಂದೆ ಏನು ಮಾಡಬೇಕು ಅಂತ ಅದನ್ನು ನೋಡಿ ಹೇಳ್ತೇನೆ.